ಹಾಲುಮಡ್ಡಿ ಕೆರಿಯಮ್ಮ

ಶೇಷಮ್ಮ ಕೆರಿಯಮ್ಮನ ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಲು ನೋಡಿದಳು. ಎಡಗೈ ಮಾತು ಕೇಳಿತು. ಬಲಗೈಯ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು, ಅರ್ಧ ಮಡಿಚಿದ ಹಾಗೆಯೇ ಗಟ್ಟಿಯಾಗಿ ನಿಂತಿದ್ದವು. ಬದುಕಿದ್ದಾಗಲೇ ಬಿಚ್ಚದ ಬೆರಳುಗಳು ಈಗ ಬಿಚ್ಚುವುದುಂಟೆ? ಸ್ವಲ್ಪ ಹೊತ್ತು ಹಿಡಿದು ನೋಡಿ, ಕೊನೆಗೆ ಆ ಕೈಯನ್ನು ಸೆರಗಿನ ಒಳಗೆ ಸೇರಿಸಿದಳು.

"ಮುಚ್ಬೇಡಿ ಅತ್ತೆ," ಎಂದಳು ಶರಾವತಿ. "ಅಮ್ಮ ಯಾವತ್ತೂ ಆ ಕೈ ಮುಚ್ಚಿಟ್ಟೋಳಲ್ಲ. ಹೊರಗೇ ಇರ್ಲಿ."

ಶೇಷಮ್ಮ ಪಕ್ಕದ ಮನೆಯವಳು. ಅವಳು ಸೆರಗು ಸರಿಸಿದಳು.

ಶರಾವತಿ ಒಬ್ಬಳೇ ಮಗಳು. ಹೊಸನಗರದ ಹಾಸ್ಟೆಲೊಂದರಲ್ಲಿ ಅಡುಗೆ ಮಾಡಿಕೊಂಡಿದ್ದಳು. ಅಮ್ಮನಿಗೆ ಎದೆನೋವು ಎಂದು ಸುದ್ದಿ ಬಂದು, ಸಂಜೆಯ ಬಸ್ಸಿಗೆ ಬಂದಿಳಿದಾಗ ಕೆರಿಯಮ್ಮನಿಗೆ ಇನ್ನೂ ಮಾತು ಇತ್ತು. "ಊಟ ಮಾಡ್ಕಂಡು ಬಂದ್ಯಾ?" ಎಂದಷ್ಟೇ ಕೇಳಿದ್ದಳು. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಳು.

ಅಂಗಳದಲ್ಲಿ ಗಂಡಸರು ಚಟ್ಟ ಕಟ್ಟಿ ಮುಗಿಸಿ ಕೈ ಒರೆಸಿಕೊಂಡು ಕೂತಿದ್ದರು. ಹಳ್ಳದ ಆಚೆ ಸೌದೆ ಒಟ್ಟಿ ಆಗಿತ್ತು. ಬೇಸಿಗೆಯ ಬಿಸಿಲು ಆಗಲೇ ಚುರುಕಾಗುತ್ತಿತ್ತು. ಎಲ್ಲವೂ ಸಿದ್ಧವಿತ್ತು, ಬೆಂಕಿ ಕೊಡುವವನು ಮಾತ್ರ ಬಂದಿರಲಿಲ್ಲ.

ಕೆರಿಯಮ್ಮನಿಗೆ ಗಂಡುಮಕ್ಕಳಿಲ್ಲ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಕೊಳ್ಳಿ ಹಿಡಿಯಬೇಕಾದವನು ಗಂಡನ ತಮ್ಮ ಹುಲಿಯಪ್ಪ. ಅವನ ಮನೆಯೇನೂ ದೂರವಲ್ಲ, ಈ ಅಂಗಳದಲ್ಲಿ ನಿಂತರೆ ಅವನ ಒಲೆಯ ಹೊಗೆ ಕಾಣುತ್ತದೆ. ಆದರೆ ಐದು ವರ್ಷದಿಂದ ಆ ಮನೆಗೂ ಈ ಮನೆಗೂ ಮಾತಿರಲಿಲ್ಲ.

"ಎರಡು ಸಲ ಹೇಳಿ ಕಳ್ಸಿದ್ದಾಯ್ತು," ಎಂದ ಕೇರಿಯ ಹಿರಿಯ ಸೀತಾರಾಮಪ್ಪ. "ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ. ಜಗಲೀಲಿ ಬುಟ್ಟಿ ಹೆಣೀತಾ ಕೂತಿದಾನಂತೆ."

"ಅವನ ಸಂಕಟವೂ ಸುಳ್ಳಲ್ಲ," ಎಂದ ಪಕ್ಕದಲ್ಲಿದ್ದವನು. "ಈ ಅಮ್ಮ ಅವತ್ತು ಲಾರಿ ಮುಂದೆ ಕೂರ್ದೇ ಇದ್ದಿದ್ರೆ ನಮ್ಮ ಕೆಲ್ಸ ಹೋಗ್ತಿರ್ಲಿಲ್ಲ. ಅವನ ಹೆಂಡ್ತಿ ಕಾಫಿ ತೋಟಕ್ಕೆ ಹೋಗಿ ಸಾಯ್ತಿರ್ಲಿಲ್ಲ."

"ಹೆಣ ಒಳಗಿದೆ ಮಾರಾಯ. ಮೆತ್ತಗೆ ಮಾತಾಡು."

ಮೆತ್ತಗೆ ಆಡಿದರೂ ಒಳಗೆ ಕೇಳಿಸಿತ್ತು. ಶರಾವತಿ ತಾಯಿಯ ಹಣೆಯ ಮೇಲಿನ ಕೂದಲು ಸರಿಮಾಡುತ್ತ ಕೂತಳು.

ಆಗ ದಿಬ್ಬದ ಆಚೆ ಜೀಪಿನ ಸದ್ದು ಕೇಳಿತು. ಮುಳುಗಡೆ ಕೊಪ್ಪಕ್ಕೆ ಜೀಪು ಬರುವುದು ಅಪರೂಪ. ಶರಾವತಿ ಹೊಳೆಗೆ ಅಣೆಕಟ್ಟು ಕಟ್ಟಿದಾಗ ನೀರಿನಡಿಗೆ ಹೋದ ಊರುಗಳಿಂದ ಎದ್ದು ಬಂದ ಹತ್ತಿಪ್ಪತ್ತು ಮನೆಗಳ ಕೇರಿ ಅದು. ಗೇಣಿಗೆ ಉಳುತ್ತಿದ್ದವರಾದ್ದರಿಂದ ಅವರ ಹೆಸರಿನಲ್ಲಿ ಭೂಮಿ ಇರಲಿಲ್ಲ, ಪರಿಹಾರವೂ ಬರಲಿಲ್ಲ. ಕೆರಿಯಮ್ಮ ಆಗ ತುಂಬಿದ ಬಸುರಿ. ದಾರಿಯಲ್ಲಿ ಗಾಡಿಯ ಮೇಲೆಯೇ ಹೆತ್ತು, ತನ್ನ ಗದ್ದೆಯನ್ನು ನುಂಗಿದ ಹೊಳೆಯ ಹೆಸರನ್ನೇ ಮಗಳಿಗೆ ಇಟ್ಟಿದ್ದಳು.

ಜೀಪಿನಿಂದ ಇಳಿದವರು ತೀರ್ಥಹಳ್ಳಿಯ ಮುಕುಂದಯ್ಯ. ಮೈ ತುಂಬಿಕೊಂಡಿತ್ತು, ಕಿವಿಯ ಮೇಲಿನ ಕೂದಲು ನೆರೆತಿತ್ತು. ಆದರೂ ಎಲ್ಲರೂ ಒಂದೇ ನೋಟಕ್ಕೆ ಗುರುತು ಹಿಡಿದರು. ಹಿಂದೆ ಈ ಕಾಡಿನ ಹಾಲುಮಡ್ಡಿ ಮರಗಳ ಅಂಟನ್ನು ಗುತ್ತಿಗೆ ಹಿಡಿದು, ಕೇರಿಯವರಿಂದ ತೆಗೆಸಿ ಕಾರ್ಖಾನೆಗಳಿಗೆ ಕಳಿಸುತ್ತಿದ್ದವರು ಅವರೇ.

"ಕೆರಿಯಮ್ಮ ಇದಾಳಾ?" ಎಂದು ನಗುತ್ತಲೇ ಕೇಳಿದವರು ಚಟ್ಟವನ್ನು ನೋಡಿ ಅಲ್ಲೇ ನಿಂತರು.

ಅವರು ಚಪ್ಪಲಿ ಬಿಟ್ಟು, ತಲೆ ಬಗ್ಗಿಸಿ ಒಳಗೆ ಬಂದರು. ಹೆಣದ ಮುಖವನ್ನಲ್ಲ, ಎದೆಯ ಮೇಲಿದ್ದ ಕೈಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೆಗಲ ಚೀಲದಿಂದ, ಕೆರಿಯಮ್ಮನಿಗೆಂದು ತಂದಿದ್ದ ಊದುಬತ್ತಿಯ ಪೊಟ್ಟಣ ತೆಗೆದು ಶೇಷಮ್ಮನಿಗೆ ಕೊಟ್ಟರು. ಅವಳು ನಾಲ್ಕು ಕಡ್ಡಿ ಹಚ್ಚಿ ತಲೆಯ ಹತ್ತಿರ ಸಿಕ್ಕಿಸಿದಳು. ಈ ಮನೆಯಲ್ಲಿ ಅಷ್ಟು ಬೆಲೆಯ ಊದುಬತ್ತಿ ಯಾವತ್ತೂ ಉರಿದಿರಲಿಲ್ಲ.

"ನಿಮಗೆ ಯಾರು ಹೇಳಿದ್ರು ಅಯ್ಯ?" ಎಂದು ಕೇಳಿದಳು ಶರಾವತಿ.

"ಯಾರೂ ಹೇಳ್ಲಿಲ್ಲಮ್ಮ. ನಾನು ಅವಳನ್ನ ಕಾಣಕ್ಕೇ ಬಂದೆ." ಮುಕುಂದಯ್ಯ ಮಾತು ಹುಡುಕಿದರು. "ಮಡ್ಡಿ ಕೆಲ್ಸ ಇಲ್ಲಿ ಮತ್ತೆ ಶುರು ಮಾಡ್ಬೇಕು ಅಂತಿದೆ. ಮೇಸ್ತ್ರಿ ಆಗ್ತೀಯಾ ಅಂತ ಕೇಳಕ್ಕೆ."

ಬಾಗಿಲಲ್ಲಿ ನಿಂತಿದ್ದವರಿಂದ ಮಾತು ಅಂಗಳಕ್ಕೆ ಹೋಯಿತು. ಕೂತಿದ್ದವರು ಎದ್ದರು. ಸೀತಾರಾಮಪ್ಪ ಹೊಸ್ತಿಲ ಹತ್ತಿರ ಬಂದ.

"ನಮ್ಮ ಕಾಡು ಬೇಡ ಅಂತ ಹೋದೋರು ಈಗ್ಯಾಕೆ ಬಂದ್ರಿ ಅಯ್ಯ?"

"ಘಟ್ಟದ ಕೆಳಗೆ ಮರ ಉಳಿದಿಲ್ಲ ಸೀತಾರಾಮಪ್ಪ. ಎಲ್ಲಾ ಒಣಗಿ ಹೋದ್ವು. ಇಲ್ಲಿ ಮಾತ್ರ ಇನ್ನೂ ಬದುಕಿವೆ."

*

ಹಾಲುಮಡ್ಡಿ ಮರದ ತೊಗಟೆಗೆ ಕತ್ತಿಯಿಂದ ಸಣ್ಣ ಕಚ್ಚು ಹಾಕಿದರೆ ಹಾಲಿನಂಥ ಅಂಟು ಜಿನುಗುತ್ತದೆ. ನಾಲ್ಕು ದಿನಕ್ಕೆ ಅದು ಗಟ್ಟಿಯಾಗುತ್ತದೆ. ಅದನ್ನು ಕೆರೆದು ಡಬ್ಬಕ್ಕೆ ತುಂಬಬೇಕು. ಡಬ್ಬ ಲಾರಿಯಲ್ಲಿ ಸಾಗರಕ್ಕೆ ಹೋಗಿ, ಅಲ್ಲಿಂದ ಮೈಸೂರಿನ ಕಡೆಯ ಊದುಬತ್ತಿ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಊದುಬತ್ತಿ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತದೆ ಎಂದು ಲಾರಿ ಡ್ರೈವರ್ ಹೇಳಿದಾಗ ಕೆರಿಯಮ್ಮ ನಂಬಿರಲಿಲ್ಲ. "ಅಲ್ಲಿ ದೇವ್ರಿಗೆ ಮೂಗು ಇದ್ಯೇನೋ, ನಮ್ಮ ದೇವ್ರಿಗೆ ಇಲ್ಲ," ಎಂದು ನಕ್ಕಿದ್ದಳು. ಅವಳ ಬಾಯಿ ಜೋರು. ಮುಕುಂದಯ್ಯ ಎಡಗೈಯಲ್ಲಿ ಪಂಚೆ ಎತ್ತಿಕೊಂಡು ನಡೆಯುವ ರೀತಿಯನ್ನು ಮಾಡಿ ತೋರಿಸಿ ಕಾಡಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದಳು.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಬೇಡಿಕೆ ಒಮ್ಮೆಗೇ ಏರಿತು. ಮುಕುಂದಯ್ಯ ಜಾಡಿಗಳಲ್ಲಿ ಆಸಿಡ್ ತರಿಸಿದರು. ಕಚ್ಚು ಆಳವಾಗಿ ಹಾಕಿ, ಕೋಲಿಗೆ ಬಟ್ಟೆ ಸುತ್ತಿ ಅದನ್ನು ಸವರಿದರೆ ಮಡ್ಡಿ ದುಪ್ಪಟ್ಟು ಸುರಿಯುತ್ತಿತ್ತು. ಮೊದಮೊದಲು ಎಲ್ಲರಿಗೂ ಖುಷಿ. ಎಲ್ಲರಿಗಿಂತ ಹೆಚ್ಚು ಡಬ್ಬ ತುಂಬಿದವಳು ಕೆರಿಯಮ್ಮನೇ. ಶಾಲೆಗೆ ಹೋಗುತ್ತಿದ್ದ ಮಗಳಿಗೆ ಆ ತಿಂಗಳು ಹೊಸ ಲಂಗ ಬಂತು. ಕೈ ಉರಿಯುತ್ತಿತ್ತು, ಉಗುರು ಹಳದಿಯಾಗುತ್ತಿತ್ತು, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದರು. ಮರಗಳು ಎಲೆ ಉದುರಿಸತೊಡಗಿದಾಗ ಬಿಸಿಲಿಗೆ ಇರಬೇಕು ಅಂದುಕೊಂಡರು.

ಒಂದು ದಿನ ಇಳಿಜಾರಿನಲ್ಲಿ ಹುಲಿಯಪ್ಪನ ಹೆಂಡತಿ ಪುಷ್ಪಮ್ಮ ಜಾಡಿ ಹೊತ್ತು ಇಳಿಯುತ್ತಿದ್ದಳು. ಒಣಗಿದ ಎಲೆಯ ಮೇಲೆ ಅವಳ ಕಾಲು ಜಾರಿತು. ಕೆಳಗೆ ನಿಂತಿದ್ದ ಕೆರಿಯಮ್ಮ ಕೈ ಚಾಚಿ ಜಾಡಿಯನ್ನು ಆಚೆ ತಳ್ಳಿದಳು. ಅದು ಬಂಡೆಗೆ ತಾಗಿ ಅವಳ ಕೈಯ ಮೇಲೆಯೇ ಒಡೆಯಿತು. ಪುಷ್ಪಮ್ಮನಿಗೆ ಒಂದು ಹನಿಯೂ ತಾಗಲಿಲ್ಲ.

ಸಾಗರದ ಆಸ್ಪತ್ರೆಗೆ ಮುಕುಂದಯ್ಯನೇ ನೋಡಲು ಬಂದರು. ಹಾಸಿಗೆಯ ಪಕ್ಕ ನಿಂತು, "ನಾನು ಎಂತ ಮಾಡ್ಲಿ ಕೆರಿಯಮ್ಮ? ಮೇಲಿನೋರು ಕೇಳ್ತಾರೆ, ನಾನು ಕೊಡ್ಬೇಕು. ನಾನು ನಡುವಿನವ್ನು," ಎಂದರು.

"ನಡುವಿನೋರಿಗೆ ಕೈ ಇರಲ್ವಾ ಅಯ್ಯ?" ಎಂದಿದ್ದಳು ಕೆರಿಯಮ್ಮ.

ಗಾಯ ಮಾಯುವ ಮೊದಲೇ ಅವಳು ಊರಿಗೆ ಬಂದಳು. ಮಡ್ಡಿ ತುಂಬಿದ ಲಾರಿ ಹೊರಡುವ ದಿನ, ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಮುಂದೆ ದಾರಿಯಲ್ಲಿ ಕೂತಳು. ಮೊದಲು ಒಬ್ಬಳೇ. ಆಮೇಲೆ ಪುಷ್ಪಮ್ಮ ಬಂದು ಪಕ್ಕದಲ್ಲಿ ಕೂತಳು. ಹೆಂಡತಿಯ ಹಿಂದೆ ಹುಲಿಯಪ್ಪ, ಅವನ ಹಿಂದೆ ಇಡೀ ಕೇರಿ. ಆಸಿಡ್ ನಿಲ್ಲಬೇಕು, ಕೈಗೆ ರಬ್ಬರಿನ ಗ್ಲೌಸು ಕೊಡಬೇಕು, ಕಚ್ಚು ಹಾಕಿದ ಮರಕ್ಕೆ ಮುಂದಿನ ವರ್ಷ ಬಿಡುವು ಬೇಕು. ಡ್ರೈವರ್ ಹಾರ್ನ್ ಹೊಡೆದು ಹೊಡೆದು ಸುಸ್ತಾದ. ಪೊಲೀಸರು ಬಂದು ಬೈದು ಹೋದರು. ಮೂರನೇ ದಿನ ಮುಕುಂದಯ್ಯ ಎಲ್ಲದಕ್ಕೂ ಒಪ್ಪಿದರು. ಅವತ್ತು ಕೇರಿಯವರು ದಾರಿಯಲ್ಲೇ ಬೆಲ್ಲ ಅವಲಕ್ಕಿ ಕಲಸಿ ತಿಂದರು. ಲಾರಿ ಡ್ರೈವರನಿಗೂ ಕೊಟ್ಟರು.

ಮುಂದಿನ ಬೇಸಿಗೆಗೆ ಮುಕುಂದಯ್ಯನ ಜೀಪು ಬರಲಿಲ್ಲ. ಘಟ್ಟದ ಕೆಳಗೆ ಆಸಿಡ್ ಬೇಡ ಅನ್ನುವವರು ಇರಲಿಲ್ಲ, ಅಲ್ಲಿಯ ಮಡ್ಡಿ ಅಗ್ಗವಾಗಿ ಸಿಗುತ್ತಿತ್ತು. ಕೇರಿಯವರು ಒಂದು ವರ್ಷ ಕಾದರು. ಆಮೇಲೆ ಒಬ್ಬೊಬ್ಬರಾಗಿ ಇಟ್ಟಿಗೆ ಗೂಡಿಗೆ, ಕಾಫಿ ತೋಟಕ್ಕೆ ಹೊರಟರು.

*

ಹುಲಿಯಪ್ಪ ತಲೆ ಎತ್ತಲಿಲ್ಲ. ಬಿದಿರಿನ ಸೀಳನ್ನು ಒಂದರ ಕೆಳಗೊಂದು ತೂರಿಸುತ್ತಲೇ ಇದ್ದ. ಶರಾವತಿ ಅವನ ಅಂಗಳದ ತುದಿಯಲ್ಲಿ ನಿಂತಳು.

"ಚಿಕ್ಕಯ್ಯ. ಹೊತ್ತಾಗ್ತಾ ಇದೆ."

"ಸೀತಾರಾಮಪ್ಪ ಇದಾನಲ್ಲ. ಅವನೇ ಬೆಂಕಿ ಕೊಡ್ಲಿ."

"ನೀನು ಬರಲ್ಲ ಅಂದ್ರೆ ನಾನೇ ಕೊಡ್ತೀನಿ. ಅದನ್ನ ಹೇಳಕ್ಕೆ ಬಂದೆ. ಆಮೇಲೆ ನನ್ನ ಕೇಳ್ಲಿಲ್ಲ ಅನ್ಬಾರ್ದು."

ಹುಲಿಯಪ್ಪನ ಕೈ ನಿಂತಿತು. "ನೀನೂ ಅವಳ ಹಾಗೇ ಮಾತಾಡ್ತೀಯ."

ಪುಷ್ಪಮ್ಮ ಕಾಫಿ ತೋಟದ ಕೂಲಿಗಳ ಲೈನುಮನೆಯಲ್ಲಿ ಜ್ವರ ಬಂದು ಸತ್ತಿದ್ದಳು. ಹುಲಿಯಪ್ಪ ಆಗ ಇಟ್ಟಿಗೆ ಗೂಡಿನಲ್ಲಿದ್ದ. ಸುದ್ದಿ ತಿಳಿದು ಹೋಗುವಷ್ಟರಲ್ಲಿ ತೋಟದವರೇ ಮಣ್ಣು ಮಾಡಿ ಮುಗಿಸಿದ್ದರು. ಅವನು ಒಬ್ಬನೇ ಊರಿಗೆ ಮರಳಿದ ದಿನ ಕೆರಿಯಮ್ಮ ಇದೇ ಅಂಗಳಕ್ಕೆ ಬಂದು ನಿಂತಿದ್ದಳು. "ತಪ್ಪು ಮಾಡಿದೀನಿ ಅಂತ ಹೇಳಕ್ಕೆ ಬಂದಿಲ್ಲ ಹುಲಿಯ. ದುಃಖ ಆಗಿದೆ ಅಂತ ಹೇಳಕ್ಕೆ ಬಂದೆ," ಎಂದಿದ್ದಳು. ಅವನು ಬಾಗಿಲು ಹಾಕಿಕೊಂಡ. ಅವಳು ಕತ್ತಲಾಗುವವರೆಗೂ ಅಂಗಳದಲ್ಲಿ ಕೂತಿದ್ದು ಎದ್ದು ಹೋದಳು. ಸಿಗಂದೂರಿನ ದೇವಿಗೆ ಅವಳ ಮೇಲೆ ದೂರು ಕೊಟ್ಟು ಬರುತ್ತೇನೆ ಎಂದು ಅವನು ಒಂದು ದಿನ ಹೊರಟೂ ಇದ್ದ. ಹಿನ್ನೀರಿನ ದಡದಲ್ಲಿ ಲಾಂಚಿಗೆ ಕಾಯುತ್ತ ಕೂತು, ಏನು ಅನ್ನಿಸಿತೋ, ಹತ್ತದೆ ವಾಪಸು ಬಂದಿದ್ದ.

"ಆವತ್ತು ಪುಷ್ಪನ್ನ ಉಳಿಸಿದೋಳೂ ಅವಳೇ, ಆಮೇಲೆ ಕೊಂದೋಳೂ ಅವಳೇ," ಎಂದ ಹುಲಿಯಪ್ಪ. "ನಾನು ಯಾವುದನ್ನ ನೆನಪಿಟ್ಕಳ್ಳಿ ಹೇಳು? ಒಂದು ಸಲ ತಪ್ಪಾಯ್ತು ಅಂದಿದ್ರೆ ಸಾಕಿತ್ತು. ಸುಳ್ಳಾದ್ರೂ ಪರ್ವಾಗಿರ್ಲಿಲ್ಲ."

"ಅಮ್ಮ ಅನ್ತಿರ್ಲಿಲ್ಲ. ನಂಗೂ ಅಂದಿಲ್ಲ." ಶರಾವತಿಯ ದನಿ ಸಣ್ಣದಾಯಿತು. "ಅವಳ ಕೈ ಹೋಯ್ತು ಅಂತ ನಾನು ಶಾಲೆ ಬಿಟ್ಟೆ. ಮುಸುರೆ ತಿಕ್ಕಕ್ಕೆ ಹೋದೆ. ಪಾಪ ಮಗಾ ಅಂತ ಒಂದು ಮಾತು ಅಂದಿದ್ರೆ ಅವಳ ಗಂಟೇನೂ ಹೋಗ್ತಿರ್ಲಿಲ್ಲ. ಅನ್ಲಿಲ್ಲ. ಹಾಗಂತ ಅವಳನ್ನ ಮನೇಲೇ ಇಟ್ಕಂಡು ಕೂರಕ್ಕಾಗುತ್ತಾ ಚಿಕ್ಕಯ್ಯ?"

ಬಿದಿರಿನ ಸೀಳು ಅವನ ಬೆರಳಿಗೆ ಚುಚ್ಚಿತು. ಬೆರಳನ್ನು ಬಾಯಿಗಿಟ್ಟುಕೊಂಡು ಹಳ್ಳದ ಆಚೆ ನೋಡಿದ.

"ಜೀಪು ಯಾರ್ದು?"

"ಮುಕುಂದಯ್ಯನೋರದ್ದು. ಮತ್ತೆ ಮಡ್ಡಿ ಬೇಕಂತೆ. ಘಟ್ಟದ ಕೆಳಗೆ ಮರ ಎಲ್ಲಾ ಸತ್ತು ಹೋದ್ವಂತೆ."

ಹುಲಿಯಪ್ಪ ಎದ್ದ. ಅರ್ಧ ಹೆಣೆದ ಬುಟ್ಟಿ ಉರುಳಿ ಅಂಗಳಕ್ಕೆ ಬಿತ್ತು. ಎತ್ತಿಕೊಳ್ಳಲಿಲ್ಲ.

ಅವನು ಬರುವುದನ್ನು ಕಂಡು ಕೆರಿಯಮ್ಮನ ಅಂಗಳದಲ್ಲಿದ್ದವರು ಸರಿದು ದಾರಿ ಬಿಟ್ಟರು. ಹುಲಿಯಪ್ಪ ಒಳಗೆ ಹೋಗದೆ ನೇರವಾಗಿ ಮುಕುಂದಯ್ಯನ ಎದುರು ನಿಂತ.

"ಅಲ್ಲಿ ಎಷ್ಟು ಮರ ಉಳಿದಿದೆ ಅಯ್ಯ?"

"ಕೆಲ್ಸಕ್ಕೆ ಬರೋವು ಒಂದೂ ಇಲ್ಲ."

"ಮಡ್ಡಿ ತೆಗೀತಿದ್ದೋರು?"

ಮುಕುಂದಯ್ಯ ಬೇರೆ ಕಡೆ ನೋಡಿದರು. "ಅವರೂ ಇಲ್ಲ. ಕೆಲ್ಸ ನಿಂತ ಮೇಲೆ ಎಲ್ಲೆಲ್ಲಿಗೋ ಹೋದ್ರು. ಒಬ್ಬನಿಗೆ ಕಣ್ಣೇ ಹೋಗಿತ್ತು."

"ಎಷ್ಟು ವರ್ಷ ನಡೀತು?"

"ಮೂರು ವರ್ಷ. ನಾಲ್ಕನೇ ವರ್ಷ ಮರದಲ್ಲಿ ಏನೂ ಇರ್ಲಿಲ್ಲ."

"ನೋಡಿದ್ಯಾ ಹುಲಿಯ," ಎಂದ ಸೀತಾರಾಮಪ್ಪ. ಈಗ ಅವನ ದನಿಯೇ ಬೇರೆಯಾಗಿತ್ತು. "ನಮಗೂ ಹಾಗೇ ಆಗೋದು. ಮೂರು ವರ್ಷ ಮಡ್ಡಿ, ಆಮೇಲೆ ಕಾಫಿ ತೋಟವೇ. ಕೆರಿಯಮ್ಮ ಮಾಡಿದ್ದು ಸರಿಯಾಗೇ ಇತ್ತು."

"ಸರಿಯಾಗಿತ್ತು," ಎಂದ ಹುಲಿಯಪ್ಪ. "ಆದ್ರೆ ಆ ಮೂರು ವರ್ಷ ಪುಷ್ಪ ನನ್ನ ಮನೇಲಿ ಇರ್ತಿದ್ಲಲ್ಲ ಸೀತಾರಾಮಣ್ಣ. ಅದನ್ನ ಯಾರ ಹತ್ರ ಕೇಳ್ಲಿ?"

ಅವನು ಮುಖ ಒರೆಸಿಕೊಂಡು ಒಳಗೆ ಹೋದ. ಅತ್ತಿಗೆಯ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತ. ಬೈಯುತ್ತಾನೋ ಅಳುತ್ತಾನೋ ಎಂದು ಶೇಷಮ್ಮ ಹೆದರಿದ್ದಳು. ಅವನು ಎರಡನ್ನೂ ಮಾಡಲಿಲ್ಲ. ಅವಳ ಬಲಗೈಯ ಮೇಲೆ ಕೂತಿದ್ದ ನೊಣವನ್ನು ಓಡಿಸಿದ. ಅದು ಮತ್ತೆ ಬಂದು ಕೂತಿತು. ಮತ್ತೆ ಓಡಿಸಿದ. ಆಮೇಲೆ ತನ್ನ ಅಂಗೈಯನ್ನು ಆ ಅಂಟಿದ ಬೆರಳುಗಳ ಮೇಲೆ ಮುಚ್ಚಿ ಹಾಗೇ ಹಿಡಿದುಕೊಂಡ.

"ಎತ್ತಿ," ಎಂದ ಕೊನೆಗೆ. "ಬಿಸಿಲೇರ್ತು."

ಮಡಕೆಯಲ್ಲಿ ಕೆಂಡ ಹಿಡಿದು ಹುಲಿಯಪ್ಪ ಮುಂದೆ ನಡೆದ. ಹೆಂಗಸರು ಹಳ್ಳದವರೆಗೆ ಬಂದು ನಿಂತರು. ಶರಾವತಿ ನಿಲ್ಲಲಿಲ್ಲ. ಹೆಂಗಸರು ದಾಟಬಾರದು ಎಂದು ಯಾರೋ ಅಂದರು. ಹುಲಿಯಪ್ಪ ತಿರುಗಿ ನೋಡಿ, "ಬರ್ಲಿ," ಎಂದ. ಮುಕುಂದಯ್ಯ ಎಲ್ಲರಿಗಿಂತ ಹಿಂದೆ, ಬರಿಗಾಲಲ್ಲಿ, ಕಲ್ಲು ಚುಚ್ಚಿದಾಗ ನಿಂತು ನಿಂತು ಬಂದರು. ದಾರಿ ಹಾಲುಮಡ್ಡಿ ಮರಗಳ ನಡುವೆಯೇ ಹೋಗುತ್ತಿತ್ತು. ಹಳೆಯ ಕಚ್ಚುಗಳ ಸುತ್ತ ತೊಗಟೆ ತುಟಿಯಂತೆ ದಪ್ಪವಾಗಿ ಬೆಳೆದು ಮುಚ್ಚಿಕೊಳ್ಳುತ್ತಿತ್ತು. ಹೆಣ ಹೊತ್ತವರೂ ನಡೆಯುತ್ತಲೇ ಕತ್ತೆತ್ತಿ ಮರಗಳನ್ನು ನೋಡುತ್ತಿದ್ದರು. ಆ ಹೊತ್ತಿನಲ್ಲಿ ಹಾಗೆ ನೋಡಬಾರದೆಂದು ಅವರಿಗೆ ಗೊತ್ತಿತ್ತು. ಆದರೆ ವರ್ಷಗಟ್ಟಲೆ ಮಳೆಗಾಲದ ಅಕ್ಕಿಗೆ ಪರದಾಡಿದವರ ಕಣ್ಣು ಮಾತು ಕೇಳುತ್ತಿರಲಿಲ್ಲ.

ಬೆಂಕಿ ಹತ್ತಿತು. ತಲೆಯ ಭಾಗ ಬೀಳುವವರೆಗೆ ನಿಂತು, ಎಲ್ಲರೂ ಹಳ್ಳದಲ್ಲಿ ಮುಳುಗಿ ಎದ್ದರು.

ಒದ್ದೆ ಬಟ್ಟೆಯಲ್ಲೇ ಮುಕುಂದಯ್ಯ ಜೀಪಿನ ಹತ್ತಿರ ಶರಾವತಿಗಾಗಿ ಕಾದಿದ್ದರು.

"ಈ ಹೊತ್ನಲ್ಲಿ ಕೇಳ್ಬಾರ್ದು. ಆದ್ರೂ ಕೇಳ್ತೀನಿ. ಅಮ್ಮನ ಜಾಗದಲ್ಲಿ ನೀನು ನಿಲ್ತೀಯಾ? ಇವರೆಲ್ಲ ನಿನ್ನ ಮಾತು ಕೇಳ್ತಾರೆ."

"ಆಸಿಡ್ ಬರುತ್ತಾ ಅಯ್ಯ?"

"ಇಲ್ಲ. ಅವಳು ಅವತ್ತು ಕೇಳಿದ್ದೆಲ್ಲಾ ಕೊಡ್ತೀನಿ. ಗ್ಲೌಸು, ಮರಕ್ಕೆ ಬಿಡುವು, ಎಲ್ಲಾ."

"ಮೇಲಿನೋರು ಮತ್ತೆ ಜಾಸ್ತಿ ಬೇಕು ಅಂದ್ರೆ?"

ಮುಕುಂದಯ್ಯ ಪಂಚೆಯ ಅಂಚು ಹಿಂಡಿದರು. ಬಟ್ಟೆಯಿಂದ ನೀರು ಸೋರಿ ಕಾಲ ಬಳಿಯ ಧೂಳು ಕೆಸರಾಗುತ್ತಿತ್ತು. "ಅಂತಾರೆ," ಎಂದರು. "ಅನ್ನದೇ ಇರಲ್ಲ."

"ಆಗ ನೀವು ಅವರಿಗೆ ಎಂತ ಹೇಳ್ತೀರಿ ಅಂತ ಯೋಚ್ನೆ ಮಾಡ್ಕಂಡು ಬನ್ನಿ. ಹನ್ನೊಂದು ಕಳೀಲಿ. ಆಮೇಲೆ ನಾನೂ ಹೇಳ್ತೀನಿ."

ಅವರು ತಲೆಯಾಡಿಸಿ ಜೀಪು ಹತ್ತಿದರು. ಸ್ವಲ್ಪ ದೂರದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಗಂಡಸರಲ್ಲಿ ಯಾರೋ ಗೊಣಗಿದರು, ಯಾರೋ ಸುಮ್ಮನಿರು ಅಂದರು. ಜೀಪು ದಿಬ್ಬ ಹತ್ತಿ ಮರೆಯಾಗುವವರೆಗೂ ಯಾರೂ ಅಲ್ಲಿಂದ ಕದಲಲಿಲ್ಲ.

*

ಸಾವಿನ ಮನೆಯಲ್ಲಿ ಅವತ್ತು ಒಲೆ ಹಚ್ಚುವಂತಿಲ್ಲ. ಸಂಜೆ ಶೇಷಮ್ಮ ಗಂಜಿ ಮಾಡಿ ತರುತ್ತೇನೆಂದು ಎದ್ದು ಹೋದಳು. ಶರಾವತಿ ಒಬ್ಬಳೇ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಾಗ ಅಂಗಳದಲ್ಲಿ ಹೆಜ್ಜೆಯ ಸದ್ದಾಯಿತು. ಹುಲಿಯಪ್ಪ ಎರಡೂ ಕೈಯಲ್ಲಿ ಒಂದು ಹಿತ್ತಾಳೆ ಪಾತ್ರೆ ಹಿಡಿದು ಬರುತ್ತಿದ್ದ. ಮೇಲೆ ಬಾಳೆ ಎಲೆ ಮುಚ್ಚಿತ್ತು.

"ಬೆಂಕಿ ಕೊಟ್ಟೋನು ಒಲೆ ಹಚ್ಬಾರ್ದು ಚಿಕ್ಕಯ್ಯ," ಎಂದಳು ಅವಳು.

"ಯಾರು ನೋಡಕ್ಕೆ ಬರ್ತಾರೆ. ಬಿಸಿ ಇದೆ, ತಿನ್ನು." ಅವನು ಮೆಟ್ಟಿಲ ಮೇಲೆ ಕೂತು ಪಾತ್ರೆಯನ್ನು ಅವಳ ಮುಂದೆ ಸರಿಸಿದ. "ಉಪ್ಪು ಹಾಕಿದೀನೋ ಇಲ್ವೋ ನೆನಪಾಗ್ತಿಲ್ಲ. ನೋಡು."

ಅವಳು ಎಲೆ ತೆಗೆದು, ಗಂಜಿಯನ್ನು ತಟ್ಟೆಗೆ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದಳು.

"ಹಾಕಿದೀಯ," ಎಂದಳು.

ಮತ್ತೊಂದು ತಟ್ಟೆ ತಂದು, ಉಳಿದದ್ದನ್ನು ಅವನಿಗೂ ಬಗ್ಗಿಸಿದಳು. ಹುಲಿಯಪ್ಪ ತಟ್ಟೆ ಎತ್ತಿ ಬಾಯಿಗಿಟ್ಟ. ಒಂದು ಕ್ಷಣ ತಡೆದು ಅವಳ ಕಡೆ ನೋಡಿದ. ಅವಳು ತಲೆ ಬಗ್ಗಿಸಿ ಕುಡಿಯುತ್ತಿದ್ದಳು. ಅವನು ಉಪ್ಪಿಲ್ಲದ ಆ ಗಂಜಿಯನ್ನು ಕೊನೆಯ ಅಗುಳಿನವರೆಗೂ ಕುಡಿದು, ತಟ್ಟೆಯನ್ನು ಬೆರಳಿಂದ ಬಳಿದುಕೊಂಡ.